ಆರ್ಥಿಕ ಮುಗ್ಗಟ್ಟಿನಲ್ಲಿ ಕಲಾವಿದನ ಅನ್ನ

ಕಲೆಯು ಸಮೃದ್ಧಿಯ ಕಾಲದ ಹೂವೆಂದೂ, ಜನರು ಅನ್ನಕ್ಕಾಗಿ ಹಾತೊರೆಯುವಾಗ ಅದನ್ನು ಕುರಿತು ಚಿಂತಿಸುವುದು ಅನುಚಿತವೆಂದೂ ಭಾವಿಸುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಇನ್ನೊಂದೆಡೆ, ಬಡತನವೇ ಕಲಾವಿದನ ಗುರುವೆಂದೂ, ಹೊಟ್ಟೆ ತುಂಬಿದವನ ಕೈಯಿಂದ ಉತ್ತಮ ಕೃತಿ ಮೂಡಲಾರದೆಂದೂ ವಾದಿಸುವವರು ಇಲ್ಲದಿಲ್ಲ. ಈ ಎರಡು ಮಾತುಗಳು ಮೇಲುನೋಟಕ್ಕೆ ಒಂದಕ್ಕೊಂದು ವಿರುದ್ಧವಾಗಿ ತೋರಿದರೂ ಅವು ಹೋಗಿ ಮುಟ್ಟುವ ನೆಲೆ ಒಂದೇ: ಕಷ್ಟಕಾಲದಲ್ಲಿ ಕಲಾವಿದನನ್ನು ಅವನ ಪಾಡಿಗೆ ಬಿಟ್ಟುಬಿಡಬಹುದು ಎಂಬುದು. ವಾಚಕರೇ, ಇಂತಹ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಗೆಹರಿಸುವುದಕ್ಕಿಂತ ಇತಿಹಾಸದ ಒರೆಗಲ್ಲಿಗೆ ಹಚ್ಚಿ ನೋಡುವುದು ಲೇಸು. ಅಂತಹ ಒರೆಗಲ್ಲೊಂದು ಅಮೇರಿಕದ ಸಂಯುಕ್ತ ಸಂಸ್ಥಾನದಲ್ಲಿ ೧೯೨೯ರಿಂದ ೧೯೪೩ರವರೆಗೆ ನಡೆದ ಘಟನಾವಳಿಯಲ್ಲಿ ನಮಗೆ ದೊರೆಯುತ್ತದೆ. ಅದನ್ನು ಇಲ್ಲಿ ಸಂಕ್ಷೇಪವಾಗಿ ಅವಲೋಕಿಸೋಣ.

ಕುಸಿತದ ಹೊಡೆತ

೧೯೨೯ರ ಅಕ್ಟೋಬರ್ ತಿಂಗಳಲ್ಲಿ ನ್ಯೂಯಾರ್ಕಿನ ವಾಲ್ ಸ್ಟ್ರೀಟಿನ ಷೇರುಪೇಟೆ ಕುಸಿದು ಬಿದ್ದಿತು. ಮುಂದಿನ ಮೂರೂವರೆ ವರ್ಷಗಳಲ್ಲಿ ಸಾವಿರಾರು ಬ್ಯಾಂಕುಗಳು ಬಾಗಿಲು ಮುಚ್ಚಿದವು, ಕಾರ್ಖಾನೆಗಳು ಸ್ತಬ್ಧವಾದವು, ಡಾಲರುಗಳಲ್ಲಿ ಎಣಿಸಿದರೆ ರಾಷ್ಟ್ರದ ಆದಾಯವು ಸುಮಾರು ಅರ್ಧಕ್ಕೆ ಇಳಿಯಿತು. ೧೯೩೩ರ ವೇಳೆಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ, ಎಂದರೆ ಸುಮಾರು ೧ ಕೋಟಿ ೨೮ ಲಕ್ಷ ಜನರಿಗೆ, ಕೆಲಸವಿರಲಿಲ್ಲ. ಜಗತ್ತಿನಲ್ಲಿಯೇ ಅತ್ಯಂತ ಸಿರಿವಂತವೆನಿಸಿದ್ದ ನಾಡಿನ ನಗರಗಳಲ್ಲಿ ಜನರು ಉಚಿತ ರೊಟ್ಟಿಗಾಗಿ ಬೀದಿಯುದ್ದಕ್ಕೂ ಸಾಲುಗಟ್ಟಿ ನಿಂತರು.

ಇಂತಹ ಕಾಲದಲ್ಲಿ ಚಿತ್ರಕಾರನ, ಶಿಲ್ಪಿಯ ಪಾಡೇನಾಗಿರಬಹುದು? ಅವನ ಜೀವನೋಪಾಯಕ್ಕೆ ಸಾಮಾನ್ಯವಾಗಿ ಮೂರು ದಾರಿಗಳಿದ್ದವು. ಶ್ರೀಮಂತರಿಗೆ ಕೃತಿಗಳನ್ನು ಮಾರುವುದು ಒಂದು. ಕಲೆಯನ್ನು ಬೋಧಿಸುವುದು ಇನ್ನೊಂದು. ಪತ್ರಿಕೆ, ಜಾಹೀರಾತು, ಕಟ್ಟಡಗಳಿಗೆ ಚಿತ್ರ ಬರೆದುಕೊಡುವುದು ಮೂರನೆಯದು. ಮುಗ್ಗಟ್ಟು ಬಂದಾಗ ಮನುಷ್ಯನು ಮೊದಲು ಕೈಬಿಡುವುದು ಮುಂದೂಡಬಹುದಾದ ಖರ್ಚನ್ನು. ಅಕ್ಕಿ ಗೋಧಿಗಳನ್ನು ಮುಂದೂಡಲಾಗದು, ಮನೆಗೆ ಕೊಳ್ಳುವ ಚಿತ್ರಪಟವನ್ನು ಮುಂದೂಡಬಹುದು. ಹೊಸ ಕಟ್ಟಡಗಳು ನಿಂತುಹೋದುದರಿಂದ ಗೋಡೆಗಳ ಅಲಂಕಾರವೂ ನಿಂತಿತು, ಜಾಹೀರಾತುಗಳು ಕಡಿಮೆಯಾದವು, ಪಾಠಕ್ಕೆ ಬರುತ್ತಿದ್ದ ಶಿಷ್ಯರೂ ಹೋದರು. ಹೀಗೆ ಮೂರು ದಾರಿಗಳೂ ಒಟ್ಟೊಟ್ಟಿಗೆ ಮುಚ್ಚಿಹೋದವು.

ಇನ್ನೊಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಕಾರ್ಖಾನೆಯ ಕಾರ್ಮಿಕನು ಕೆಲಸವನ್ನು ಕಳೆದುಕೊಂಡರೆ ಅದಕ್ಕೊಂದು ದಿನಾಂಕವಿರುತ್ತದೆ, ಕೆಲಸದಿಂದ ತೆಗೆದ ಒಬ್ಬ ಧಣಿಯಿರುತ್ತಾನೆ. ಕಲಾವಿದನಿಗಾದರೋ ಧಣಿಯೇ ಇಲ್ಲ. ಅವನು ಎಂದು ನಿರುದ್ಯೋಗಿಯಾದನೆಂಬುದನ್ನು ಯಾವ ಕಡತವೂ ಹೇಳಲಾರದು. ಆದ್ದರಿಂದ ಸಮಾಜದ ಕಣ್ಣಿಗೆ ಅವನ ಸಂಕಟವು ಬಹುಕಾಲ ಬೀಳಲೇ ಇಲ್ಲ. ೧೯೩೦ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ವಾಷಿಂಗ್ಟನ್ ಚೌಕದ ಬಳಿ ಕಲಾವಿದರು ತಮ್ಮ ಚಿತ್ರಗಳನ್ನು ಬೀದಿಬದಿಯಲ್ಲಿ ಇಟ್ಟು ದಾರಿಹೋಕರಿಗೆ ಮಾರತೊಡಗಿದಾಗ ಆ ಸಂಕಟವು ಮೊದಲ ಬಾರಿಗೆ ಎಲ್ಲರ ಎದುರಿಗೆ ಬಂದಿತು. ೧೯೩೨ರ ಕೊನೆಯ ವೇಳೆಗೆ ಅದೇ ನಗರದಲ್ಲಿ ದಾನಿಗಳ ಹಣದಿಂದ ನೂರರಷ್ಟು ಕಲಾವಿದರಿಗೆ ತಾತ್ಕಾಲಿಕ ಕೆಲಸವನ್ನು ಒದಗಿಸುವ ಯತ್ನವೂ ನಡೆಯಿತು. ಆದರೆ ಸಮುದ್ರದಷ್ಟು ಬೇಗೆಗೆ ಅದು ಬೊಗಸೆ ನೀರು.

ಒಂದು ಪತ್ರ

೧೯೩೩ರ ಮಾರ್ಚಿಯಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರು ಅಧ್ಯಕ್ಷ ಪದವಿಯನ್ನು ಸ್ವೀಕರಿಸಿದರು. ಎರಡು ತಿಂಗಳ ತರುವಾಯ, ಅವರ ಶಾಲಾದಿನಗಳ ಸಹಪಾಠಿಯೂ ಚಿತ್ರಕಾರನೂ ಆಗಿದ್ದ ಜಾರ್ಜ್ ಬಿಡ್ಲ್ ಎಂಬಾತನು ಅವರಿಗೊಂದು ಪತ್ರ ಬರೆದನು. ನೆರೆಯ ಮೆಕ್ಸಿಕೋ ದೇಶದಲ್ಲಿ ಅಧ್ಯಕ್ಷ ಒಬ್ರೆಗಾನ್ ಅವರು ಕಲಾವಿದರಿಗೆ ಸಾಮಾನ್ಯ ಕುಶಲಕರ್ಮಿಯ ಕೂಲಿಯನ್ನು ಕೊಟ್ಟು ಸರ್ಕಾರಿ ಕಟ್ಟಡಗಳ ಗೋಡೆಗಳ ಮೇಲೆ ಚಿತ್ರ ಬರೆಯಿಸಿದುದನ್ನೂ, ಅದರಿಂದ ಡಿಯೇಗೊ ರಿವೇರಾ ಮೊದಲಾದವರ ಕೈಯಲ್ಲಿ ಮಹತ್ತರವಾದ ಭಿತ್ತಿಚಿತ್ರ ಪರಂಪರೆಯೊಂದು ಬೆಳೆದುದನ್ನೂ ಆತನು ಅದರಲ್ಲಿ ನೆನಪಿಸಿದ್ದನು. ಭಿಕ್ಷೆಯನ್ನಾಗಲಿ ಬಹುಮಾನವನ್ನಾಗಲಿ ಆತನು ಕೇಳಲಿಲ್ಲ, ಕೇಳಿದುದು ಕೂಲಿಯನ್ನು. ಈ ಒಂದು ಪದದಲ್ಲಿಯೇ ಮುಂದಿನ ಹತ್ತು ವರ್ಷಗಳ ಕಥೆ ಅಡಗಿದೆಯೆಂದರೆ ತಪ್ಪಾಗದು.

ಪರಿಹಾರ ಕಾರ್ಯಗಳ ಹೊಣೆ ಹೊತ್ತಿದ್ದ ಹ್ಯಾರಿ ಹಾಪ್ಕಿನ್ಸ್ ಅವರ ವಿಚಾರವೂ ಇದೇ ಬಗೆಯದಾಗಿತ್ತು. ಕೆಲಸವಿಲ್ಲದೆ ಕೊಟ್ಟ ದಾನವು ದೇಹವನ್ನು ಉಳಿಸಿದರೂ ಮನುಷ್ಯನ ಚೈತನ್ಯವನ್ನು ಕೊಲ್ಲುತ್ತದೆ, ಅವನಿಗೆ ತಿಳಿದ ಕೆಲಸವನ್ನೇ ಕೊಟ್ಟು ಕೂಲಿ ಕೊಟ್ಟರೆ ಎರಡೂ ಉಳಿಯುತ್ತವೆ ಎಂದು ಅವರು ನಂಬಿದ್ದರು. ಚಿತ್ರಕಾರರಿಗೇಕೆ ಸರ್ಕಾರದ ಹಣವೆಂದು ಆಕ್ಷೇಪಿಸಿದವರಿಗೆ, ಉಳಿದವರಂತೆ ಅವರೂ ಉಣ್ಣಬೇಕಲ್ಲವೇ ಎಂದು ಅವರು ಉತ್ತರವಿತ್ತರೆಂಬ ಮಾತು ಪ್ರಸಿದ್ಧವಾಗಿದೆ.

೧೯೩೩ರ ಡಿಸೆಂಬರ್ ತಿಂಗಳಲ್ಲಿ ಮೊದಲ ಯೋಜನೆ ಜಾರಿಗೆ ಬಂದಿತು. ವಕೀಲನೂ ವ್ಯಾಪಾರಿಯೂ ಚಿತ್ರಕಾರನೂ ಆಗಿದ್ದ ಎಡ್ವರ್ಡ್ ಬ್ರೂಸ್ ಎಂಬುವರು ಇದರ ಮುಖ್ಯಸ್ಥರು. ಚಳಿಗಾಲದ ಆ ಆರೇಳು ತಿಂಗಳುಗಳಲ್ಲಿ ೩,೭೪೯ ಕಲಾವಿದರು ವಾರದ ಕೂಲಿಗೆ ದುಡಿದು ೧೫,೦೦೦ಕ್ಕೂ ಮಿಕ್ಕಿ ಕೃತಿಗಳನ್ನು ರಚಿಸಿದರು; ತಗಲಿದ ವೆಚ್ಚ ಸುಮಾರು ೧೩ ಲಕ್ಷ ಡಾಲರು. ಇವು ಶಾಲೆ, ಗ್ರಂಥಾಲಯ, ಆಸ್ಪತ್ರೆ, ಕಚೇರಿಗಳನ್ನು ಸೇರಿದವು. ಕೆಲವು ಅಧ್ಯಕ್ಷರ ಶ್ವೇತಭವನವನ್ನೂ ಅಲಂಕರಿಸಿದವು. ಸ್ಯಾನ್ ಫ್ರಾನ್ಸಿಸ್ಕೋ ನಗರದ ಕಾಯ್ಟ್ ಗೋಪುರದೊಳಗೆ ಇಪ್ಪತ್ತಕ್ಕೂ ಹೆಚ್ಚು ಕಲಾವಿದರು ಕೂಡಿ ಬರೆದ ಭಿತ್ತಿಚಿತ್ರಗಳು ಈ ಯೋಜನೆಯ ಫಲವೇ. ಆದರೆ ೧೯೩೪ರಲ್ಲಿ ಬಂದರು ಕಾರ್ಮಿಕರ ಮುಷ್ಕರವು ನಗರವನ್ನು ನಡುಗಿಸುತ್ತಿದ್ದಾಗ, ಆ ಗೋಡೆಗಳಲ್ಲಿ ಸಮತಾವಾದದ ಸಂಕೇತಗಳು ಕಂಡುಬಂದುವೆಂದು ಕೋಲಾಹಲವೆದ್ದಿತು. ಕತ್ತಿ ಸುತ್ತಿಗೆಗಳ ಚಿಹ್ನೆಯೊಂದನ್ನು ಅಳಿಸಲಾಯಿತು. ಗೋಪುರದ ಪ್ರವೇಶವೂ ತಿಂಗಳುಗಟ್ಟಲೆ ತಡವಾಯಿತು. ಕೂಲಿಯನ್ನು ಕೊಡುವ ಕೈ ಕುಂಚವನ್ನೂ ಹಿಡಿಯಬಯಸುವುದೇ ಎಂಬ ಪ್ರಶ್ನೆ ಅಂದೇ ಹುಟ್ಟಿತು.

ಎರಡು ಮಾರ್ಗಗಳು

ಅಲ್ಲಿಂದ ಮುಂದೆ ಸರ್ಕಾರವು ಎರಡು ಬೇರೆ ಬೇರೆ ಮಾರ್ಗಗಳನ್ನು ಏಕಕಾಲದಲ್ಲಿ ಹಿಡಿಯಿತು. ಈ ಎರಡರ ಅಂತರವನ್ನು ಅರಿಯದೆ ಈ ಇತಿಹಾಸದ ತಿರುಳು ನಮಗೆ ದಕ್ಕದು.

ಮೊದಲನೆಯದು ಗುಣವನ್ನು ಆರಿಸುವ ಮಾರ್ಗ. ೧೯೩೪ರ ಅಕ್ಟೋಬರಿನಲ್ಲಿ ಬ್ರೂಸ್ ಅವರ ನೇತೃತ್ವದಲ್ಲಿಯೇ ಹಣಕಾಸು ಇಲಾಖೆಯೊಳಗೆ ಒಂದು ವಿಭಾಗ ತೆರೆಯಿತು. ಹೊಸದಾಗಿ ಕಟ್ಟಿದ ಸರ್ಕಾರಿ ಕಟ್ಟಡಗಳಿಗೆ ಉತ್ತಮ ಕಲೆಯನ್ನು ಒದಗಿಸುವುದು ಅದರ ಗುರಿ. ಹೆಸರನ್ನು ಮುಚ್ಚಿಟ್ಟ ಸ್ಪರ್ಧೆಗಳ ಮೂಲಕ ಕಲಾವಿದರನ್ನು ಆರಿಸುತ್ತಿದ್ದರು. ಅವರು ಬಡವರೋ ಬಲ್ಲಿದರೋ ಎಂದು ಕೇಳುತ್ತಿರಲಿಲ್ಲ. ಅಮೇರಿಕದ ಸಣ್ಣ ಸಣ್ಣ ಊರುಗಳ ಸಾವಿರಕ್ಕೂ ಮೇಲ್ಪಟ್ಟ ಅಂಚೆ ಕಚೇರಿಗಳು ಹೀಗೆ ಚಿತ್ರಶಿಲ್ಪಗಳನ್ನು ಪಡೆದವು. ಪತ್ರ ಹಾಕಲು ಬಂದ ರೈತನು ತನ್ನ ಊರಿನ ಸುಗ್ಗಿಯನ್ನು ಗೋಡೆಯ ಮೇಲೆ ಕಂಡನು. ಆದರೆ ಇಲಾಖೆಯ ಮೇಲ್ವಿಚಾರಕರು ರೇಖಾಚಿತ್ರಗಳನ್ನು ಮತ್ತೆ ಮತ್ತೆ ತಿದ್ದಿಸುತ್ತಿದ್ದುದರಿಂದ ಹೊಸ ಶೈಲಿಗಳಿಗೆ ಅಲ್ಲಿ ಎಡೆ ಕಡಿಮೆಯಾಗಿತ್ತು.

ಎರಡನೆಯದು ಅಗತ್ಯವನ್ನು ನೋಡುವ ಮಾರ್ಗ. ೧೯೩೫ರಲ್ಲಿ ಡಬ್ಲ್ಯು.ಪಿ.ಎ. ಎಂಬ ಬೃಹತ್ ಉದ್ಯೋಗ ಯೋಜನೆಯು ಸ್ಥಾಪಿತವಾಗಿ, ಅದರ ಅಂಗವಾಗಿ ಫೆಡರಲ್ ಆರ್ಟ್ ಪ್ರಾಜೆಕ್ಟ್ ಎಂಬ ಕಲಾಯೋಜನೆಯು ಆರಂಭವಾಯಿತು. ಇಲ್ಲಿ ಸೇರುವವರಲ್ಲಿ ಹೆಚ್ಚಿನ ಪಾಲು ಸರ್ಕಾರದ ಪರಿಹಾರ ಪಟ್ಟಿಯಲ್ಲಿ ಹೆಸರಿರುವ ನಿರ್ಗತಿಕರೇ ಆಗಿರಬೇಕೆಂಬುದು ನಿಯಮ. ಇದರ ನಿರ್ದೇಶಕರಾದ ಹೋಲ್ಗರ್ ಕಾಹಿಲ್ ಅವರು ಜನಪದ ಕಲೆಯಲ್ಲಿ ಆಳವಾದ ತಿಳಿವಳಿಕೆಯುಳ್ಳವರು. ತತ್ತ್ವಜ್ಞಾನಿ ಜಾನ್ ಡ್ಯೂಯಿ ಅವರ ಚಿಂತನೆಯಿಂದ ಪ್ರಭಾವಿತರಾದವರು. ಬೆರಳೆಣಿಕೆಯ ಮಹಾಪ್ರತಿಭೆಗಳನ್ನು ಹುಡುಕಿ ಹೊರಡುವುದರಿಂದ ಒಂದು ನಾಡಿನ ಕಲೆ ಬಾಳುವುದಿಲ್ಲ, ಸಾಧಾರಣ ಕಲಾವಿದರ ವಿಶಾಲವಾದ ಸಮುದಾಯವೊಂದು ಜೀವಂತವಾಗಿದ್ದರೆ ಮಾತ್ರ ಅದರೊಳಗಿಂದ ಮಹಾಕೃತಿಗಳು ತಾವಾಗಿ ಮೂಡುತ್ತವೆ ಎಂಬುದು ಅವರ ನಿಲುವು. ಬಯಲು ಹಸಿಯಾಗಿಲ್ಲದೆ ಒಂಟಿ ಮರವು ಎಷ್ಟು ಕಾಲ ಹಸುರಾಗಿದ್ದೀತು?

ಈ ಯೋಜನೆಯು ಉಚ್ಛ್ರಾಯದಲ್ಲಿದ್ದಾಗ ೫,೦೦೦ಕ್ಕೂ ಹೆಚ್ಚು ಜನರಿಗೆ ಏಕಕಾಲದಲ್ಲಿ ಕೆಲಸವಿತ್ತು. ನ್ಯೂಯಾರ್ಕಿನಲ್ಲಿ ಒಬ್ಬ ಚಿತ್ರಕಾರನಿಗೆ ವಾರಕ್ಕೆ ೨೩ ಡಾಲರು ೮೬ ಸೆಂಟುಗಳ ಕೂಲಿ ಸಿಗುತ್ತಿತ್ತು. ಕೊಟ್ಟ ಅವಧಿಗೊಂದು ಚಿತ್ರವನ್ನು ಒಪ್ಪಿಸಬೇಕು. ವಿಷಯವನ್ನೂ ಶೈಲಿಯನ್ನೂ ಬಹುಮಟ್ಟಿಗೆ ಅವನೇ ಆರಿಸಿಕೊಳ್ಳಬಹುದು. ಯೋಜನೆ ಮುಗಿಯುವ ಹೊತ್ತಿಗೆ ೨,೫೦೦ಕ್ಕೂ ಹೆಚ್ಚು ಭಿತ್ತಿಚಿತ್ರಗಳು, ಒಂದು ಲಕ್ಷಕ್ಕೂ ಹೆಚ್ಚು ವರ್ಣಚಿತ್ರಗಳು, ೧೭,೦೦೦ಕ್ಕೂ ಹೆಚ್ಚು ಶಿಲ್ಪಗಳು ಸಿದ್ಧವಾಗಿದ್ದವು. ಹಳೆಯ ಕಾಲದ ಮಡಕೆ, ಕೌದಿ, ಬೊಂಬೆ, ಮರಗೆಲಸಗಳನ್ನು ಯಥಾವತ್ತಾಗಿ ಚಿತ್ರಿಸಿದ ಸುಮಾರು ೧೮,೦೦೦ ಚಿತ್ರಗಳ ಸಂಗ್ರಹವೊಂದು ಬೇರೆ. ನೂರಕ್ಕೂ ಹೆಚ್ಚು ಸಮುದಾಯ ಕಲಾಕೇಂದ್ರಗಳು ಚಿತ್ರಶಾಲೆಯನ್ನೇ ಕಾಣದಿದ್ದ ಊರುಗಳಲ್ಲಿ ತೆರೆದುಕೊಂಡವು.

ಕಾರ್ಯಾಗಾರಗಳಲ್ಲಿ ಹೊಸ ವಿಧಾನಗಳೂ ಹುಟ್ಟಿದವು. ಅಂಗಡಿಗಳ ಫಲಕಗಳಿಗೆ ಬಳಕೆಯಾಗುತ್ತಿದ್ದ ರೇಷ್ಮೆಪರದೆಯ ಮುದ್ರಣವನ್ನು ಆಂಥೊನಿ ವೆಲೋನಿಸ್ ಎಂಬ ಕಲಾವಿದನು ಭಿತ್ತಿಪತ್ರಗಳಿಗೆ ಅಳವಡಿಸಿ, ಮುಂದೆ ಅದೊಂದು ಕಲಾಪ್ರಕಾರವೇ ಆಗುವಂತೆ ಮಾಡಿದನು. ಫಿಲಡೆಲ್ಫಿಯಾದ ಕಾರ್ಯಾಗಾರದಲ್ಲಿ ಡಾಕ್ಸ್ ಥ್ರಾಶ್ ಎಂಬ ಕರಿಯ ಜನಾಂಗದ ಕಲಾವಿದನು ಲೋಹದ ತಗಡನ್ನು ಕಾರ್ಬೊರಂಡಮ್ ಪುಡಿಯಿಂದ ತಿಕ್ಕಿ ಮೃದುವಾದ ಛಾಯೆಗಳನ್ನು ಪಡೆಯುವ ಮುದ್ರಣವಿಧಾನವನ್ನು ಸಹೋದ್ಯೋಗಿಗಳೊಡನೆ ರೂಪಿಸಿದನು. ಒಂಟಿ ಕೋಣೆಯಲ್ಲಿ ಹಸಿದು ಕುಳಿತವನಿಗೆ ಇಂತಹ ಪ್ರಯೋಗಗಳು ಸಾಧ್ಯವಾಗುತ್ತಿರಲಿಲ್ಲ. ಅವಕ್ಕೆ ಯಂತ್ರ ಬೇಕು, ಸಾಮಗ್ರಿ ಬೇಕು, ಜೊತೆಗೆ ಕುಳಿತು ಚರ್ಚಿಸುವ ಗೆಳೆಯರು ಬೇಕು.

ಇಬ್ಬರ ಬಾಳು

ಅಂಕಿಗಳು ಅಳೆಯಲಾರದುದನ್ನು ವ್ಯಕ್ತಿಗಳ ಬಾಳು ತೋರಿಸಿಕೊಡುತ್ತದೆ. ಹಾಲೆಂಡಿನಿಂದ ೧೯೨೬ರಲ್ಲಿ ಹಡಗಿನಲ್ಲಿ ಅಡಗಿ ಬಂದಿದ್ದ ವಿಲೆಮ್ ಡಿ ಕೂನಿಂಗ್ ಅವರು ಅಂಗಡಿಯ ಅಲಂಕಾರದಂತಹ ಕೆಲಸಗಳಿಂದ ಹೊಟ್ಟೆ ಹೊರೆದು, ಮಿಕ್ಕ ವೇಳೆಯಲ್ಲಿ ಚಿತ್ರ ಬರೆಯುತ್ತಿದ್ದರು. ೧೯೩೫ರಲ್ಲಿ ಅವರು ಈ ಯೋಜನೆಯನ್ನು ಸೇರಿದರು. ಅಮೇರಿಕದ ಪೌರರಲ್ಲದ ಕಾರಣ ೧೯೩೭ರಲ್ಲಿ ಬಿಡಬೇಕಾಯಿತು. ಆ ಅಲ್ಪಕಾಲವೇ ತಮ್ಮ ದೃಷ್ಟಿಯನ್ನು ಬದಲಿಸಿತೆಂದು ಅವರು ಮುಂದೆ ನೆನೆದರು. ಅಲ್ಲಿಯವರೆಗೆ ಚಿತ್ರ ಬರೆಯುವ ಕೆಲಸಗಾರರಾಗಿದ್ದವರು ಅಲ್ಲಿಂದ ಮುಂದೆ, ಬೇಕಾದಾಗ ಬೇರೆ ಕೆಲಸವನ್ನೂ ಮಾಡುವ ಚಿತ್ರಕಾರರಾದರು. ಬಡತನವೇನೂ ತೀರಲಿಲ್ಲ, ಆದರೆ ತಾನು ಯಾರೆಂಬುದು ನಿಶ್ಚಯವಾಯಿತು.

ಎರಡನೆಯವರು ಜೇಕಬ್ ಲಾರೆನ್ಸ್. ನ್ಯೂಯಾರ್ಕಿನಲ್ಲಿ ಕರಿಯ ಜನರು ವಾಸಿಸುವ ಹಾರ್ಲೆಮ್ ಬಡಾವಣೆಯಲ್ಲಿ ಬೆಳೆದ ಬಡ ಹುಡುಗ. ಅಲ್ಲಿ ಶಿಲ್ಪಿ ಆಗಸ್ಟಾ ಸ್ಯಾವೇಜ್ ಅವರು ಮಕ್ಕಳಿಗೂ ಯುವಕರಿಗೂ ಕಲೆಯನ್ನು ಕಲಿಸುತ್ತಿದ್ದರು. ೧೯೩೭ರಲ್ಲಿ ತೆರೆದ ಹಾರ್ಲೆಮ್ ಸಮುದಾಯ ಕಲಾಕೇಂದ್ರದ ಮೊದಲ ನಿರ್ದೇಶಕಿಯೂ ಅವರೇ. ಅವರು ಲಾರೆನ್ಸನನ್ನು ಯೋಜನೆಯ ಕಚೇರಿಗೆ ಕರೆದೊಯ್ದರು. ವಯಸ್ಸು ಸಾಲದೆಂದು ಅಧಿಕಾರಿಗಳು ತಿರುಗಿ ಕಳುಹಿದರು. ಹುಡುಗನು ಅದನ್ನು ಮರೆತಿದ್ದರೂ ಆಕೆ ಮರೆಯಲಿಲ್ಲ. ಅವನಿಗೆ ೨೧ ತುಂಬಿದೊಡನೆ ಮತ್ತೆ ಕರೆದೊಯ್ದು ಹೆಸರು ಬರೆಯಿಸಿದರು. ಸುಮಾರು ಒಂದೂವರೆ ವರ್ಷ ಲಾರೆನ್ಸ್ ಅಲ್ಲಿ ವಾರದ ಕೂಲಿಗೆ ಚಿತ್ರ ಬರೆದರು. ಆಕೆ ಹಟ ಹಿಡಿಯದಿದ್ದರೆ ತಾವು ಕಲಾವಿದರೇ ಆಗುತ್ತಿರಲಿಲ್ಲವೇನೋ ಎಂದು ಅವರು ಹಿರಿಯ ವಯಸ್ಸಿನಲ್ಲಿ ಸ್ಮರಿಸಿಕೊಂಡಿದ್ದಾರೆ. ೧೯೪೧ರಲ್ಲಿ ಅವರು ಮುಗಿಸಿದ, ದಕ್ಷಿಣದಿಂದ ಉತ್ತರಕ್ಕೆ ಕರಿಯ ಜನರು ಗುಳೆ ಹೋದ ಕಥೆಯನ್ನು ಹೇಳುವ ೬೦ ಚಿತ್ರಗಳ ಮಾಲಿಕೆಯನ್ನು ಎರಡು ಪ್ರಸಿದ್ಧ ಸಂಗ್ರಹಾಲಯಗಳು ಅರ್ಧರ್ಧ ಹಂಚಿಕೊಂಡು ಕೊಂಡವು.

ನೆರಳಿನ ಮುಖ

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಸತ್ಯಕ್ಕೆ ಅಪಚಾರವಾದೀತು. ಈ ಅನ್ನವು ಗೌರವದ ಅನ್ನವಾಗಿದ್ದರೂ ಅದರಲ್ಲಿ ಕಲ್ಲುಗಳಿದ್ದವು. ಕೆಲಸಕ್ಕೆ ಸೇರುವ ಮುನ್ನ ತಾನು ನಿರ್ಗತಿಕನೆಂದು ಕಲಾವಿದನು ಸಾಬೀತುಪಡಿಸಬೇಕಾಗಿತ್ತು. ಅಧಿಕಾರಿಗಳು ಮನೆಗೆ ಬಂದು ವಿಚಾರಿಸುತ್ತಿದ್ದರು. ಕಲೆಯಿಂದ ಅಷ್ಟಿಷ್ಟು ಗಳಿಸಿ ಹೇಗೋ ಬದುಕಿದವನು ಅನರ್ಹನಾಗುವ ಸಂಭವವಿತ್ತು. ಮೇಲಾಗಿ, ಪ್ರತಿವರ್ಷದ ಅನುದಾನದೊಡನೆ ಕೆಲಸವು ತೂಗಾಡುತ್ತಿತ್ತು. ೧೯೩೬ರ ಡಿಸೆಂಬರ್ ೧ರಂದು, ಕೆಲಸದಿಂದ ತೆಗೆಯುವುದನ್ನು ಪ್ರತಿಭಟಿಸಿ ನ್ಯೂಯಾರ್ಕಿನ ಯೋಜನಾ ಕಚೇರಿಯಲ್ಲಿ ಧರಣಿ ಕುಳಿತವರ ಮೇಲೆ ಪೊಲೀಸರು ಬಲಪ್ರಯೋಗ ಮಾಡಿ ೨೧೯ ಜನರನ್ನು ಬಂಧಿಸಿದರು. ಕುಂಚ ಹಿಡಿದವರು ಗಾರೆಯವರಂತೆ, ಬಡಗಿಗಳಂತೆ ಸಂಘ ಕಟ್ಟಿಕೊಂಡು ಹೋರಾಡುವುದನ್ನು ಆ ನಾಡು ಅಂದು ಕಂಡಿತು. ೧೯೩೯ರ ಕಾಯಿದೆಯಂತೂ ಹದಿನೆಂಟು ತಿಂಗಳಿಗೆ ಮೀರಿ ಸತತವಾಗಿ ದುಡಿದವರನ್ನು ಹೊರಗೆ ಕಳುಹುವ ನಿಯಮವನ್ನು ತಂದಿತು.

ಆಗಸ್ಟಾ ಸ್ಯಾವೇಜ್ ಅವರ ಬಾಳು ಇದಕ್ಕೊಂದು ಕರುಣಾಜನಕ ನಿದರ್ಶನ. ೧೯೩೯ರ ನ್ಯೂಯಾರ್ಕ್ ವಿಶ್ವ ಪ್ರದರ್ಶನಕ್ಕಾಗಿ ಹದಿನಾರು ಅಡಿ ಎತ್ತರದ ಶಿಲ್ಪವೊಂದನ್ನು ರಚಿಸಲು ಅವರು ಕೇಂದ್ರದ ಕೆಲಸಕ್ಕೆ ರಜೆ ಹಾಕಿ ಹೋದರು. ಮರಳಿದಾಗ ಆ ಸ್ಥಾನವು ಅವರಿಗೆ ದೊರೆಯಲಿಲ್ಲ. ವೀಣೆಯ ತಂತಿಗಳಂತೆ ಹಾಡುತ್ತ ನಿಂತ ಮಕ್ಕಳ ಆ ಶಿಲ್ಪವು ಗಾರೆಯದಾಗಿತ್ತು. ಅದನ್ನು ಕಂಚಿನಲ್ಲಿ ಎರಕ ಹೊಯ್ಯಿಸಲು ಹಣವಿಲ್ಲದೆ, ಪ್ರದರ್ಶನ ಮುಗಿದ ಮೇಲೆ ಒಡೆದುಹಾಕಲಾಯಿತು. ನೂರಾರು ಜನರಿಗೆ ದಾರಿ ಮಾಡಿಕೊಟ್ಟ ಶಿಲ್ಪಿಯ ಅತ್ಯಂತ ಪ್ರಸಿದ್ಧ ಕೃತಿಯೇ ಇಂದು ಉಳಿದಿಲ್ಲ.

ಎರಡನೆಯ ಮಹಾಯುದ್ಧದ ಸಿದ್ಧತೆಯಿಂದ ಎಲ್ಲರಿಗೂ ಉದ್ಯೋಗ ದೊರೆತು, ೧೯೪೩ರಲ್ಲಿ ಕಲಾಯೋಜನೆಯು ಮುಚ್ಚಿತು. ಉಗ್ರಾಣದಲ್ಲಿ ಉಳಿದಿದ್ದ ನೂರಾರು ವರ್ಣಚಿತ್ರಗಳನ್ನು ಹಳೆಯ ಬಟ್ಟೆಯೆಂದು ಪರಿಗಣಿಸಿ, ಪೌಂಡಿಗೆ ನಾಲ್ಕು ಸೆಂಟುಗಳಂತೆ ಗುಜರಿಯವನಿಗೆ ತೂಕ ಹಾಕಿ ಮಾರಲಾಯಿತು. ಕೊಳಾಯಿಗಳಿಗೆ ಸುತ್ತಲು ಅವು ಯೋಗ್ಯವೆಂಬುದು ಗಿರಾಕಿಗಳ ಎಣಿಕೆ; ಬಿಸಿಯೇರಿದಾಗ ಬಣ್ಣವು ದುರ್ವಾಸನೆ ಬೀರಿದ್ದರಿಂದ ಆ ಉಪಯೋಗಕ್ಕೂ ಬಾರದಾದವು. ಕಡೆಗೆ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಕೆಲವೇ ಡಾಲರುಗಳಿಗೆ ಬಿಕರಿಯಾದವು. ಕೊಂಡವರಲ್ಲಿ, ತಮ್ಮ ಕೃತಿಗಳನ್ನು ತಾವೇ ಹಣ ಕೊಟ್ಟು ಬಿಡಿಸಿಕೊಂಡ ಕಲಾವಿದರೂ ಇದ್ದರು. ಆರ್ಷಿಲ್ ಗಾರ್ಕಿ ಅವರು ನ್ಯೂಆರ್ಕ್ ವಿಮಾನ ನಿಲ್ದಾಣಕ್ಕಾಗಿ ಬರೆದ ಹತ್ತು ಚಿತ್ರಫಲಕಗಳ ಮೇಲೆ ಬರಿಯ ಬಣ್ಣ ಬಳಿಯಲಾಗಿತ್ತು. ೧೯೭೦ರ ದಶಕದಲ್ಲಿ ಪದರ ಪದರವಾಗಿ ಬಣ್ಣ ಕೆರೆದಾಗ ಎರಡು ಮಾತ್ರ ದೊರೆತವು.

ಇತಿಹಾಸದ ತೀರ್ಪು

ಹಾಗಾದರೆ ವಾಚಕರೇ, ಈ ಯತ್ನವು ಸಫಲವೋ ವಿಫಲವೋ? ಅಂದು ರಚಿತವಾದ ಲಕ್ಷಾಂತರ ಕೃತಿಗಳಲ್ಲಿ ಬಹುಪಾಲು ಸಾಧಾರಣವಾದವುಗಳೆಂದು ವಿಮರ್ಶಕರು ಹೇಳಿದ್ದಾರೆ, ಅದು ಸುಳ್ಳಲ್ಲ. ಆದರೆ ಆ ಕೂಲಿಪಟ್ಟಿಯಲ್ಲಿದ್ದ ಹೆಸರುಗಳನ್ನು ನೋಡಿರಿ: ಶಾಲೆಯೊಂದರಲ್ಲಿ ಕಸಗುಡಿಸಿ ಬದುಕುತ್ತಿದ್ದ ಜ್ಯಾಕ್ಸನ್ ಪೊಲಾಕ್, ಮಾರ್ಕ್ ರಾತ್ಕೊ, ಲೀ ಕ್ರಾಸ್ನರ್, ಫಿಲಿಪ್ ಗಸ್ಟನ್, ಆಲಿಸ್ ನೀಲ್. ಇವರಲ್ಲಿ ಹೆಚ್ಚಿನವರು ಜಗತ್ಪ್ರಸಿದ್ಧರಾದ ಕೃತಿಗಳನ್ನು ರಚಿಸಿದುದು ಯೋಜನೆಯ ಕಾಲದಲ್ಲಲ್ಲ, ಅದು ಮುಗಿದು ಐದು ಹತ್ತು ವರ್ಷಗಳು ಕಳೆದ ಮೇಲೆ. ಎಂದರೆ, ಸರ್ಕಾರವು ತಾನು ಚಿತ್ರಗಳನ್ನು ಕೊಳ್ಳುತ್ತಿದ್ದೇನೆಂದು ತಿಳಿದಿತ್ತು. ವಾಸ್ತವವಾಗಿ ಅದು ಕೊಂಡದ್ದು ಕಲಾವಿದರ ಬಾಳಿನ ವರ್ಷಗಳನ್ನು. ಕೈಯ ಅಭ್ಯಾಸ ತಪ್ಪದಂತೆ ಕಳೆದ ಆ ವರ್ಷಗಳು ಇಲ್ಲದಿದ್ದರೆ ಮುಂದಿನ ಕೃತಿಗಳು ಎಲ್ಲಿಂದ ಬರಬೇಕಾಗಿತ್ತು? ಗುಜರಿಗೆ ತೂಕ ಹಾಕಿದವರು ಬಟ್ಟೆಯನ್ನು ತೂಗಿದರು. ಅಭ್ಯಾಸವನ್ನು ತೂಗುವ ತಕ್ಕಡಿ ಅವರಲ್ಲಿರಲಿಲ್ಲ.

ಹಸಿವು ಕಲೆಯ ಗುರುವೆಂಬ ಮಾತಿಗೆ ಈ ಇತಿಹಾಸದಲ್ಲಿ ಆಧಾರ ದೊರೆಯುವುದಿಲ್ಲ. ಹಸಿವಿನ ಅನುಭವವು ಕಲೆಗೆ ವಸ್ತುವಾಗಬಹುದು. ಆದರೆ ಅದನ್ನು ಚಿತ್ರಿಸಲು ಕೈಗೆ ಬಿಡುವೂ ಬಣ್ಣವೂ ಬೇಕು. ಹಸಿವನ್ನು ಗೆದ್ದು ಹೆಸರಾದವರನ್ನು ನಾವು ಎಣಿಸಬಲ್ಲೆವು, ಅದಕ್ಕೆ ಸೋತು ಕುಂಚವನ್ನು ಕೆಳಗಿಟ್ಟವರನ್ನು ಎಣಿಸಲಾರೆವು. ಕಲೆ ಸಮೃದ್ಧಿಯ ಕಾಲದ ಹೂವೆಂಬ ಮಾತೂ ಇಲ್ಲಿ ನಿಲ್ಲುವುದಿಲ್ಲ. ಆ ದೇಶದ ಅಂಚೆ ಕಚೇರಿ, ಶಾಲೆ, ಆಸ್ಪತ್ರೆಗಳಿಗೆ ಕಲೆಯು ಕಾಲಿಟ್ಟುದು ಅದರ ಅತ್ಯಂತ ದರಿದ್ರವಾದ ದಶಕದಲ್ಲಿಯೇ.

ಈ ಪ್ರಶ್ನೆ ಹಳೆಯದಾಗಿ ಮುಗಿದುಹೋದುದೂ ಅಲ್ಲ. ೨೦೨೦ರ ಸಾಂಕ್ರಾಮಿಕವು ರಂಗಮಂದಿರ, ಚಿತ್ರಶಾಲೆಗಳನ್ನು ಮುಚ್ಚಿಸಿದ ತರುವಾಯ ಐರ್ಲೆಂಡ್ ದೇಶವು ೨೦೨೨ರಲ್ಲಿ ೨,೦೦೦ ಕಲಾವಿದರಿಗೆ ವಾರಕ್ಕೆ ೩೨೫ ಯೂರೋಗಳನ್ನು ಕೊಡುವ ಪ್ರಯೋಗವನ್ನು ಆರಂಭಿಸಿತು. ಅರ್ಹರಾದವರ ನಡುವೆ ಚೀಟಿ ಎತ್ತಿದಂತೆ ಆಯ್ಕೆ ಮಾಡಿದುದರಿಂದ ಅಲ್ಲಿ ಯಾರೂ ತಾನು ಎಲ್ಲರಿಗಿಂತ ಬಡವನೆಂದಾಗಲಿ ಎಲ್ಲರಿಗಿಂತ ಪ್ರತಿಭಾವಂತನೆಂದಾಗಲಿ ಸಾಧಿಸಿ ತೋರಬೇಕಾಗಿರಲಿಲ್ಲ. ಒಂದು ಶತಮಾನದ ಹಿಂದಿನ ಅನುಭವವು ಹೀಗೆ ಬೇರೊಂದು ರೂಪದಲ್ಲಿ ಮುಂದುವರಿದಿದೆ.

ಮುಗ್ಗಟ್ಟುಗಳು ಬರುತ್ತವೆ, ಹೋಗುತ್ತವೆ. ನಿಂತ ಕಾರ್ಖಾನೆಯನ್ನು ಹಣವಿದ್ದರೆ ಮತ್ತೆ ತೆರೆಯಬಹುದು. ಆದರೆ ಇಪ್ಪತ್ತೊಂದರ ಹರೆಯದಲ್ಲಿ ಕುಂಚವನ್ನು ಬಿಟ್ಟು ಹೋದ ಹುಡುಗನನ್ನು ನಲವತ್ತರಲ್ಲಿ ಮರಳಿ ಕರೆತರಲಾಗದು. ಆದ್ದರಿಂದ ಕಷ್ಟಕಾಲ ಬಂದಾಗ ತನ್ನ ಊರಿನ ಚಿತ್ರಕಾರನಿಗೆ, ಶಿಲ್ಪಿಗೆ ಒಂದು ಕೆಲಸವನ್ನು ಕೊಟ್ಟು, ಅದಕ್ಕೆ ನ್ಯಾಯವಾದ ಕೂಲಿಯನ್ನು ಸಕಾಲದಲ್ಲಿ ಕೊಡುವವನು ದಾನ ಮಾಡಿದನೆಂದು ಹೇಳಬೇಕಾಗಿಲ್ಲ. ಮುಂದಿನ ತಲೆಮಾರಿಗೆ ಸಲ್ಲಬೇಕಾದುದನ್ನು ಅವನು ಕಾಪಾಡಿದನೆಂದರೆ ಸಾಕು.